ಡೆಟ್ರಾಯ್ಟ್ ಪಿಜ್ಜಾಕ್ಕೆ ಬಂದರಿನ ತಗಡಿನ ಟ್ರೇ

ಟ್ರೇಯ ಮೂಲೆಯಲ್ಲಿ ಚೀಸ್ ಕರಗಿ ಬದಿಗೆ ಇಳಿಯುತ್ತದೆ. ಅಲ್ಲೇ ಹುರಿದು ಕೆಂಪಾಗಿ, ಒಂದೆರಡು ಕಡೆ ಕಪ್ಪಾಗಿ ನಿಲ್ಲುತ್ತದೆ. ಚಾಕು ತಾಗಿದರೆ ಹಪ್ಪಳ ಮುರಿದ ಸದ್ದು. ಅದರ ಹಿಂದೆಯೇ ಮೆತ್ತನೆ ಬ್ರೆಡ್. ತುಪ್ಪ ಕಾಯಿಸಿದ ಪಾತ್ರೆಯ ತಳ ಕೆರೆದು, ಒಂದು ಚೂರು ಬೆಲ್ಲ ಹಾಕಿ ತಿಂದವರಿಗೆ ನಾನು ಹೇಳುವ ರುಚಿ ತಕ್ಷಣ ಗೊತ್ತಾಗುತ್ತದೆ. ಎರಡರಲ್ಲೂ ನಡೆಯುವುದು ಒಂದೇ, ಹಾಲಿನ ಅಂಶ ತನ್ನದೇ ಕೊಬ್ಬಿನಲ್ಲಿ ಹುರಿಯುವುದು.

ಅಮೆರಿಕದ ಡೆಟ್ರಾಯ್ಟ್ ಹತ್ತಿರ ನಾನು ಏಳು ವರ್ಷ ಇದ್ದೆ. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಅಲ್ಲಿನ ಮೊದಲ ಚಳಿಗಾಲದಲ್ಲಿ ಒಂದು ಶುಕ್ರವಾರ ರಾತ್ರಿ ಜೊತೆಗೆ ಕೆಲಸ ಮಾಡುವವರು ಪಿಜ್ಜಾ ತಿನ್ನಲು ಕರೆದುಕೊಂಡು ಹೋದರು. ಗುಂಡಗಿನದು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಚೌಕ, ಎರಡು ಬೆರಳು ದಪ್ಪ, ಸಾಸ್ ಚೀಸಿನ ಮೇಲೆ. ಹೊರಗೆ ಹಿಮ ಬೀಳುತ್ತಿತ್ತು. ಮೂಲೆಯ ತುಂಡನ್ನು ನನ್ನ ತಟ್ಟೆಗೆ ಹಾಕಿ, ಹೊಸಬರಿಗೆ ಮೂಲೆ ಕೊಡಬೇಕು ಅಂದರು. ಊರಿಗೆ, ಅಂದರೆ ಮಂಗಳೂರಿಗೆ, ಬಂದು ಆರು ವರ್ಷವಾಯಿತು. ಆ ಮೂಲೆ ಮಾತ್ರ ಮನಸ್ಸಿನಿಂದ ಹೋಗಿಲ್ಲ.

ಆ ಪಿಜ್ಜಾದ ಕಥೆ ಶುರುವಾಗುವುದು 1946ರಲ್ಲಿ. ಡೆಟ್ರಾಯ್ಟಿನ ಕೋನಂಟ್ ರಸ್ತೆಯಲ್ಲಿ ಬಡ್ಡೀಸ್ ರಾಂಡೆವೂ ಅಂತ ಒಂದು ಬಾರ್ ಇತ್ತು. ಅದರ ಮಾಲೀಕ ಗಸ್ ಗ್ವೆರಾ. ಸಿಸಿಲಿಯ ದಪ್ಪ ಚೌಕ ಪಿಜ್ಜಾವನ್ನು ಅಲ್ಲಿ ಬೇಯಿಸಲು ಶುರು ಮಾಡಿದ್ದು ಕಾರ್ಖಾನೆಯ ಟ್ರೇಗಳಲ್ಲಿ. ನೀಲಿ ಬಣ್ಣದ ಉಕ್ಕಿನ ಆ ಟ್ರೇಗಳು ಇದ್ದದ್ದು ಸಣ್ಣ ಸಣ್ಣ ಬಿಡಿಭಾಗ ತುಂಬಿಡಲು, ಎಣ್ಣೆ ತೊಟ್ಟಿಕ್ಕುವ ಕಡೆ ಅಡಿಗೆ ಇಡಲು. ಉಕ್ಕು ದಪ್ಪ, ಬದಿ ಎತ್ತರ. ಸುತ್ತ ಚೀಸ್ ಹುರಿದು ಹಿಡಿಯುವುದು ಅದರಿಂದಲೇ. 1953ರಲ್ಲಿ ಗ್ವೆರಾ ಆ ಬಾರ್ ಬಿಟ್ಟು ಕ್ಲೋವರ್‌ಲೀಫ್ ಅನ್ನುವ ಇನ್ನೊಂದನ್ನು ಕೊಂಡರು. ಎರಡು ಕಡೆಯೂ ಈ ಪಿಜ್ಜಾ ಉಳಿಯಿತು. ಆ ಊರಿನವರು ಇವತ್ತಿಗೂ ಯಾವುದು ಚೆನ್ನಾಗಿದೆ ಅಂತ ವಾದ ಮಾಡುತ್ತಾರೆ.

ಮಂಗಳೂರಿನ ಬೇಕರಿ ಪಿಜ್ಜಾ ನನಗೆ ಇಷ್ಟವೇ. ಬನ್ನಿನಂಥ ಸಿಹಿ ಬೇಸು, ಮೇಲೆ ದೊಣ್ಣೆ ಮೆಣಸು, ಈರುಳ್ಳಿ. ಶಾಲೆ ಬಿಟ್ಟು ಬರುವಾಗ ತಿಂದದ್ದು. ಅದು ಬೇಕಾದಾಗ ಸಿಗುತ್ತದೆ. ಇದು ಸಿಗುವುದಿಲ್ಲ, ಮಾಡಿಯೇ ತಿನ್ನಬೇಕು.

ಮೇ ತಿಂಗಳಲ್ಲಿ ಮನೆಯ ಅಲ್ಯೂಮಿನಿಯಂ ಕೇಕ್ ಟ್ರೇಯಲ್ಲಿ ಒಮ್ಮೆ ಮಾಡಿದೆ. ಮೇಲೆ ಕೆಂಪು, ತಳ ಬೆಳ್ಳಗೆ, ಬದಿಯ ಚೀಸ್ ರಬ್ಬರ್. ಹೊಳೆಯುವ ಅಲ್ಯೂಮಿನಿಯಂ ಮೇಲೆ ಬಿದ್ದ ಶಾಖದಲ್ಲಿ ಜಾಸ್ತಿ ಪಾಲು ವಾಪಸ್ ಹೋಗುತ್ತದೆ, ಕಪ್ಪು ಉಕ್ಕು ಅದನ್ನು ಕುಡಿಯುತ್ತದೆ. ಅಷ್ಟೇ ಅಲ್ಲ, ಓಟಿಜಿ ಅನ್ನುವ ನಮ್ಮ ಕರೆಂಟಿನ ಸಣ್ಣ ಒಲೆಯ ಕೆಳಗಿನಿಂದ ಶಾಖವೇ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಕೆಲಸ ಎರಡು: ಟ್ರೇ ಮಾಡಿಸುವುದು, ಓಟಿಜಿ ರಿಪೇರಿ.

ಟ್ರೇ, ಮೊದಲ ಸಲ

ಬಂದರಿನ ಒಳರಸ್ತೆಯಲ್ಲಿ ತಗಡಿನ ಕೆಲಸ ಮಾಡುವ ಒಬ್ಬ ಆಚಾರ್ರಿದ್ದಾರೆ. ಬೇಕರಿಗಳಿಗೆ ಬ್ರೆಡ್ ಅಚ್ಚು, ಮನೆಗಳಿಗೆ ಹಂಡೆ ಮುಚ್ಚಳ, ಮಳೆನೀರಿನ ದೋಣಿ ಎಲ್ಲ ಮಾಡುತ್ತಾರೆ. ನಾನು ಕಾಗದದಲ್ಲಿ ಬರೆದ ಚಿತ್ರ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ ನೋಡಿದರು.

"ಇದು ಎಂಥಕ್ಕೆ ಮಾರಾಯ್ರೆ? ಬ್ರೆಡ್ಡಿಗೆ ಇಷ್ಟು ಅಗಲ ಬೇಡ."

ಪಿಜ್ಜಾಕ್ಕೆ ಅಂದೆ. ಕಾರಿನ ಕಾರ್ಖಾನೆಯ ಟ್ರೇಯಲ್ಲಿ ಶುರುವಾದದ್ದು ಅಂತ ಕಥೆಯನ್ನೂ ಹೇಳಿದೆ. ಆಮೇಲೆ ಅವರಿಗೆ ಮನಸ್ಸು ಬಂತು.

ಡೆಟ್ರಾಯ್ಟಿನ ದೊಡ್ಡ ಟ್ರೇ 14 ಇಂಚು ಉದ್ದ, 10 ಇಂಚು ಅಗಲ. ಅದು ನಮ್ಮ ಓಟಿಜಿಯೊಳಗೆ ಹೋಗುವುದಿಲ್ಲ. ಅದಕ್ಕೆ ಸಣ್ಣದನ್ನು ಆರಿಸಿಕೊಂಡೆ: ಬಾಯಿ 10 ಇಂಚು ಉದ್ದ, 8 ಇಂಚು ಅಗಲ. ತಳ 9ಕ್ಕೆ 7. ಆಳ 2 ಇಂಚು. ಬದಿಗಳು ಸ್ವಲ್ಪ ಹೊರಗೆ ವಾಲಬೇಕು, ಇಲ್ಲದಿದ್ದರೆ ಪಿಜ್ಜಾ ಹೊರಗೆ ಬರುವುದಿಲ್ಲ. ಸಣ್ಣ ಟ್ರೇಯಲ್ಲಿ ಒಂದು ಲಾಭ ಉಂಟು. ನಾಲ್ಕು ತುಂಡು ಮಾಡಿದರೆ ನಾಲ್ಕಕ್ಕೂ ಮೂಲೆ ಸಿಗುತ್ತದೆ.

ತಗಡು 18 ಗೇಜಿನ ಕಪ್ಪು ಶೀಟು. ಅಂಗಡಿಯವರು ಸುಲಭಕ್ಕೆ ಜಿಐ ಶೀಟು ತೋರಿಸಿದರು. ಅದು ಬೇಡ. ಅದರ ಮೇಲೆ ಸತು ಬಳಿದಿರುತ್ತದೆ. ಹುಳಿ ಮತ್ತು ಶಾಖ ಎರಡೂ ತಾಗುವ ಅಡುಗೆಗೆ ಸತು ಆಗದು. ಇದನ್ನು ಯಾರಾದರೂ ಮಾಡಿಸುವುದಿದ್ದರೆ ಈ ಒಂದು ಮಾತು ಮರೆಯಬೇಡಿ.

ಮೊದಲ ಟ್ರೇಯ ಮೂಲೆಗಳನ್ನು ಕತ್ತರಿಸಿ ವೆಲ್ಡ್ ಮಾಡಿಸಲು ಹೇಳಿದ್ದು ನಾನೇ. ಆಚಾರ್ರು ಬೇಡ ಅಂದಿದ್ದರು, ಕೇಳಲಿಲ್ಲ. ನೋಡಲು ಚೆಂದ ಇತ್ತು. ಮನೆಗೆ ತಂದು ನೀರು ತುಂಬಿಸಿದೆ, ಸೋರಲಿಲ್ಲ. ಎಣ್ಣೆ ಹಾಕಿ ಒಲೆಯ ಮೇಲೆ ಬಿಸಿ ಮಾಡಿದಾಗ ಎರಡು ಮೂಲೆಯಿಂದ ಹನಿ ಹನಿಯಾಗಿ ಬಂತು. ವೆಲ್ಡಿಂಗ್‌ನಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. ಬಿಸಿ ಎಣ್ಣೆ ನೀರಿಗಿಂತ ಸಲೀಸಾಗಿ ಆ ದಾರಿ ಹುಡುಕಿಕೊಳ್ಳುತ್ತದೆ. ಓಟಿಜಿಯೊಳಗೆ ರಾಡಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿ.

ಟ್ರೇ, ಎರಡನೇ ಸಲ

ಈ ಸಲ ಅವರ ದಾರಿಗೇ ಬಿಟ್ಟೆ. ಮೂಲೆ ಕತ್ತರಿಸುವುದೇ ಇಲ್ಲ, ಮಡಚುವುದು. ಲೆಕ್ಕ ಕೂತು ಮಾಡಿದೆವು. ತಳ 9 ಇಂಚು. ಎರಡು ಬದಿ, ವಾಲಿದ್ದರಿಂದ ಒಂದೊಂದೂ 2 ಇಂಚಿಗಿಂತ ಚೂರು ಜಾಸ್ತಿ. ಅಂಚಿನಲ್ಲಿ ತಂತಿ ಕೂರಿಸಿ ಸುತ್ತಲು ಎರಡೂ ಕಡೆ ಅರ್ಧರ್ಧ ಇಂಚು. ಒಟ್ಟು 14 ಇಂಚು ಉದ್ದ. ಅಗಲ ಹಾಗೆಯೇ 12. ಒಂದೇ ಹಾಳೆ, ಎಲ್ಲೂ ಬೆಸುಗೆ ಇಲ್ಲ.

ಅವರು ಮೂಲೆ ಮಡಚುವುದನ್ನು ನೋಡುತ್ತಾ ಅರ್ಧ ಗಂಟೆ ಕೂತಿದ್ದೆ. ಮೊದಲು ನಾಲ್ಕು ಬದಿಗೆ ಮೊಳೆಯಿಂದ ಗೀರು ಎಳೆದರು. ಕಬ್ಬಿಣದ ಪಟ್ಟಿಯ ಅಂಚಿಗೆ ತಗಡು ಒತ್ತಿ ಹಿಡಿದು, ಮರದ ಕೊಡತಿಯಿಂದ ಸಣ್ಣ ಸಣ್ಣ ಪೆಟ್ಟು. ಒಂದೇ ಜಾಗಕ್ಕೆ ಎರಡು ಸಲ ಹೊಡೆಯಲಿಲ್ಲ. ಬದಿ ಎದ್ದಂತೆ ಮೂಲೆಯಲ್ಲಿ ಹೆಚ್ಚಾದ ತಗಡು ಕಿವಿಯ ಹಾಗೆ ಹೊರಗೆ ಚಾಚಿತು. ಆ ಕಿವಿಯನ್ನು ಇಕ್ಕಳದಲ್ಲಿ ಹಿಡಿದು ಒತ್ತಿ ಚಪ್ಪಟೆ ಮಾಡಿ, ಉದ್ದದ ಬದಿಗೆ ತಾಗಿಸಿ ಮಡಚಿದರು. ಬಾಳೆಲೆಯ ದೊನ್ನೆ ಕಟ್ಟುವಾಗ ಮೂಲೆ ಮಡಚುತ್ತೇವಲ್ಲ, ಅದೇ ರೀತಿ. ಕೊನೆಗೆ ಅಂಚಿನ ತಂತಿ ಆ ಕಿವಿಯನ್ನೂ ಸೇರಿಸಿ ಹಿಡಿದುಕೊಂಡಿತು. ಒಳಗಿನಿಂದ ಬೆರಳಾಡಿಸಿದರೆ ಮೂಲೆ ಗುಂಡಗೆ, ನುಣುಪು. ಆಮೇಲೆ ನೆನಪಿಗೆ ಬಂತು, ಡೆಟ್ರಾಯ್ಟಿನ ಹಳೆ ಟ್ರೇಗಳ ಹೊರಮೂಲೆಯಲ್ಲೂ ಇಂಥದ್ದೇ ಮಡಿಕೆ ನೋಡಿದ್ದೆ. ಅಲ್ಲಿದ್ದಾಗ ಅದರ ಅರ್ಥ ಆಗಿರಲಿಲ್ಲ.

ಪಳಗಿಸುವುದು

ಹೊಸ ತಗಡಿಗೆ ತುಕ್ಕು ಹಿಡಿಯದ ಹಾಗೆ ಕಾರ್ಖಾನೆಯ ಎಣ್ಣೆ ಬಳಿದಿರುತ್ತದೆ. ಬಿಸಿನೀರು, ಸೋಪು, ಆಮೇಲೆ ಹುಣಸೆಹುಳಿ ಹಾಕಿ ತಿಕ್ಕಿದೆ. ಅಮ್ಮ ಎರಡು ದಿನ ಗಂಜಿನೀರು ತುಂಬಿಸಿ ಇಟ್ಟರು. ಹೊಸ ಕಾವಲಿಗೆ ನಮ್ಮಲ್ಲಿ ಮಾಡುವುದೇ ಹಾಗೆ.

ಮುಂದಿನದರಲ್ಲಿ ನಾನು ತಪ್ಪಿದೆ. ಮನೆಯ ತೆಂಗಿನೆಣ್ಣೆ ಸವರಿ ಓಟಿಜಿಯಲ್ಲಿಟ್ಟೆ. ಒಂದು ಗಂಟೆ ಆದರೂ ಪದರ ಗಟ್ಟಿಯಾಗಲಿಲ್ಲ. ತಣಿದ ಮೇಲೆ ಬೆರಳಿಗೆ ಜಿಡ್ಡು. ಕಬ್ಬಿಣದ ಮೇಲೆ ಎಣ್ಣೆ ಒಣಗಿ ಪದರವಾಗಬೇಕಾದರೆ ಅದರ ಕೊಬ್ಬು ಗಾಳಿಯ ಜೊತೆ ಸೇರಿ ಒಂದಕ್ಕೊಂದು ಹೆಣೆದುಕೊಳ್ಳಬೇಕು. ಸೂರ್ಯಕಾಂತಿ, ಸೋಯಾ, ಅಗಸೆ ಎಣ್ಣೆಗಳು ಹಾಗೆ ಹೆಣೆದುಕೊಳ್ಳುತ್ತವೆ. ತೆಂಗಿನೆಣ್ಣೆಯಲ್ಲಿ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು, ಅದಕ್ಕೆ ಆ ಗುಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದೋಸೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಪಳಗಿಸಲು ಮಾತ್ರ ಬೇಡ.

ತಿಕ್ಕಿ ತೊಳೆದು ಮತ್ತೆ ಶುರು. ಈ ಸಲ ಸೂರ್ಯಕಾಂತಿ ಎಣ್ಣೆ. ಹಚ್ಚಿ, ಒಣಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ ತೆಗೆದೆ. ಒರೆಸಿದ ಮೇಲೂ ಉಳಿಯುವಷ್ಟೇ ಎಣ್ಣೆ ಬೇಕಾದದ್ದು. ದಪ್ಪ ಹಚ್ಚಿದರೆ ಅಂಟಂಟು. ಓಟಿಜಿಯ ಗುಂಡಿ 230 ಡಿಗ್ರಿಗೆ ತಿರುಗಿಸಿ ಒಂದು ಗಂಟೆ, ಬೋರಲು ಹಾಕಿ. ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ. ಮೊದಲ ಸಲಕ್ಕೆ ಒಣಹುಲ್ಲಿನ ಬಣ್ಣ, ಎರಡನೆಯದಕ್ಕೆ ಕಂದು, ನಾಲ್ಕನೆಯದಕ್ಕೆ ಕಪ್ಪು ಹೊಳಪು. ಅಮ್ಮ ಟ್ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಈಗ ಏಳ್ತದೆ ಮಗಾ" ಅಂದರು. ದೋಸೆಗೆ ಹೇಳುವ ಮಾತು.

ಓಟಿಜಿ

ಪ್ಲಗ್ ತೆಗೆದು, ಪೂರ್ತಿ ತಣಿದ ಮೇಲೆ ಪಕ್ಕದ ಮುಚ್ಚಳ ಬಿಚ್ಚಿದೆ. ಕೆಳಗೆ ಎರಡು ರಾಡ್, ಒಂದೊಂದೂ 400 ವ್ಯಾಟ್. ಒಂದರ ತುದಿಯ ಲಗ್, ಅಂದರೆ ತಂತಿ ಕಚ್ಚಿ ಹಿಡಿಯುವ ಲೋಹದ ತುಂಡು, ಸುಟ್ಟು ಪುಡಿಯಾಗಿತ್ತು. ತಂತಿ ಸುಮ್ನೆ ತಾಗಿಕೊಂಡಿತ್ತು ಅಷ್ಟೇ. ಉಪ್ಪುಗಾಳಿಯ ಊರಿನಲ್ಲಿ ಮೊದಲು ತುಕ್ಕು ಹಿಡಿಯುವುದೇ ಇಂಥ ಜೋಡಣೆಗಳಿಗೆ. ತುಕ್ಕು ಹಿಡಿದ ಕಡೆ ಕರೆಂಟು ಸಲೀಸಾಗಿ ಹರಿಯುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಸುಡುತ್ತದೆ.

ರಾಡ್ ಹೋಗಿದೆಯಾ ಅಂತ ಮೀಟರ್ ಇಟ್ಟು ನೋಡಿದೆ. 230 ವೋಲ್ಟಿನಲ್ಲಿ 400 ವ್ಯಾಟ್ ಅಂದರೆ ಲೆಕ್ಕಕ್ಕೆ 132 ಓಮ್ ಬರಬೇಕು. ಮೀಟರ್ 128 ತೋರಿಸಿತು. ರಾಡ್ ಸರಿ ಇದೆ. ಹೊಸ ಲಗ್ ಒತ್ತಿಸಿ, ಶಾಖ ತಡೆಯುವ ತೋಳು ತೂರಿಸಿ ಜೋಡಿಸಿದೆ. ಆನ್ ಮಾಡಿದ ಕೂಡಲೇ ಮನೆಯ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಬಿತ್ತು. ಏರಿಸಿದೆ, ಮತ್ತೆ ಬಿತ್ತು.

ಆಗ ಆಟಿ ತಿಂಗಳು. ಎರಡು ವಾರದಿಂದ ಬಿಡದೆ ಮಳೆ. ಪಕ್ಕದ ಮನೆಯ ಹುಡುಗ ಎಲೆಕ್ಟ್ರಿಷಿಯನ್, ಕರೆಂಟು ಸೋರುತ್ತದೆಯಾ ಅಂತ ನೋಡುವ ಮೆಗ್ಗರ್ ಮೀಟರ್ ತಂದ. ರಾಡಿನ ತುದಿಗೂ ಮೈಗೂ ಹಿಡಿದರೆ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ರಾಡಿನ ಒಳಗೆ ಸುರುಳಿ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಒಣಗಿದ್ದಾಗ ಅದು ಕರೆಂಟನ್ನು ಹೊರಗೆ ಬಿಡುವುದಿಲ್ಲ, ಶಾಖವನ್ನು ಮಾತ್ರ ಬಿಡುತ್ತದೆ. ಆದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬಹಳ ದಿನ ಬಿಸಿಯಾಗದೆ ಬಿದ್ದಿದ್ದ ರಾಡ್, ನಮ್ಮ ಮಳೆಗಾಲ. ಪುಡಿ ಒದ್ದೆಯಾಗಿ ಕರೆಂಟು ರಾಡಿನ ಮೈಗೆ ಸೋರುತ್ತಿತ್ತು. ಇಂಥ ಹೊತ್ತಿನಲ್ಲಿ ಇಎಲ್‌ಸಿಬಿ ತಪ್ಪಿಸಿ ಓಡಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವ ಉಳಿಸಲೆಂದೇ ಅದು ಬಿದ್ದದ್ದು.

ಕೆಟ್ಟ ರಾಡಿನ ತಂತಿ ಎರಡೂ ಕಡೆ ತೆಗೆದು, ತುದಿಗಳಿಗೆ ಬೇರೆ ಏನೂ ತಾಗದ ಹಾಗೆ ಮಾಡಿ, ರಾಡನ್ನು ಅದರ ಜಾಗದಲ್ಲೇ ಬಿಟ್ಟೆ. ಮೇಲಿನ ರಾಡುಗಳನ್ನು ಮಾತ್ರ ಹಾಕಿ 120 ಡಿಗ್ರಿಯಲ್ಲಿ ಮೂರು ಗಂಟೆ. ನಿಧಾನವಾಗಿ ಕಾಯಿಸಬೇಕು, ತೇವ ತುದಿಗಳಿಂದ ಹೊರಗೆ ಬರಬೇಕಲ್ಲ. ಸಂಜೆ ಪ್ಲಗ್ ತೆಗೆದು ಮತ್ತೆ ಮೆಗ್ಗರ್ ಹಿಡಿದಾಗ 20 ಮೆಗಾಓಮ್ ದಾಟಿತು. ತಣಿಯುವ ಮೊದಲೇ ತುದಿಗಳಿಗೆ ಶಾಖ ತಡೆಯುವ ಸಿಲಿಕೋನ್ ತುಂಬಿದೆ. ಅರ್ತ್ ತಂತಿಯ ಸ್ಕ್ರೂ ಕೂಡ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿ ಮಾಡಿದೆ. ಆ ಹುಡುಗ ದುಡ್ಡು ಬೇಡ ಅಂದ, ಪಿಜ್ಜಾ ಆದರೆ ಕರೆಯಿರಿ ಅಂದ. ಈಗ ಒಳಗಿಟ್ಟ ಥರ್ಮಾಮೀಟರ್ 245 ಡಿಗ್ರಿ ಮುಟ್ಟುತ್ತದೆ. ಮೊದಲು 215ಕ್ಕೇ ನಿಲ್ಲುತ್ತಿತ್ತು.

ಹಂಚು

ಬೇಕರಿ ಒಲೆಯ ನೆಲ ಶಾಖವನ್ನು ಕೂಡಿಟ್ಟುಕೊಳ್ಳುತ್ತದೆ. ಓಟಿಜಿಗೆ ಅಂಥ ನೆಲ ಇಲ್ಲ, ಬಾಗಿಲು ತೆಗೆದರೆ ಎಲ್ಲ ಹೊರಗೆ. ಅಜ್ಜನ ಮನೆ ಬಿಚ್ಚಿದಾಗ ತಂದಿಟ್ಟ ಸೀಲಿಂಗ್ ಹಂಚು ನಾಲ್ಕೈದು ಇದ್ದವು, ಚಪ್ಪಟೆ, ಬಣ್ಣ ಬಳಿಯದವು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ನದಿದಡದ ಮಣ್ಣು ಎಲ್ಲೆಲ್ಲಿಗೋ ಹೋಗಿದೆ. ನನ್ನ ಪಿಜ್ಜಾದ ಅಡಿಗೂ ಅದೇ ಮಣ್ಣು ಇರಲಿ ಅನ್ನಿಸಿತು.

ಮೊದಲ ಹಂಚು ಇಪ್ಪತ್ತೇ ನಿಮಿಷದಲ್ಲಿ ಟಪ್ ಅಂತ ಎರಡು ತುಂಡಾಯಿತು. ಬಚ್ಚಲಿನ ಪಕ್ಕದಲ್ಲಿ ಬಿದ್ದಿದ್ದ ಹಂಚು, ಒಳಗೆಲ್ಲ ನೀರು. ಎರಡನೆಯದನ್ನು ಬಚ್ಚಲ ಒಲೆಯ ದಂಡೆಯ ಮೇಲೆ ಐದು ದಿನ ಒಣಗಿಸಿದೆ. ಆಮೇಲೆ ಓಟಿಜಿಯಲ್ಲಿ 100 ಡಿಗ್ರಿಯಿಂದ ಶುರು ಮಾಡಿ ಮೆಲ್ಲ ಏರಿಸಿದೆ. ಅದು ಇವತ್ತಿಗೂ ಇದೆ.

ಹಿಟ್ಟು, ಚೀಸ್

ಹಿಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 170 ಗ್ರಾಂ ಮೈದಾ, 122 ಗ್ರಾಂ ನೀರು, 4 ಗ್ರಾಂ ಉಪ್ಪು, ಒಂದೂವರೆ ಗ್ರಾಂ ಒಣ ಯೀಸ್ಟ್. ಕೈಗೆ ಅಂಟುವಷ್ಟು ನೀರಿರಬೇಕು, ಹೆದರಿ ಹಿಟ್ಟು ಸೇರಿಸಬಾರದು. ನಮ್ಮ ಅಡುಗೆಮನೆಯ 30 ಡಿಗ್ರಿಯಲ್ಲಿ ಅದು ಒಂದೂವರೆ ಗಂಟೆಯಲ್ಲೇ ಉಕ್ಕಿ ಹುಳಿಯಾಗುತ್ತದೆ. ಅದಕ್ಕೆ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಎಣ್ಣೆ ಸವರಿದ ಟ್ರೇಯಲ್ಲಿ ಹರಡುತ್ತೇನೆ. ಒಂದೇ ಸಲಕ್ಕೆ ಮೂಲೆ ಮುಟ್ಟುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದರೆ ತಾನಾಗಿ ಹೋಗುತ್ತದೆ.

ಚೀಸ್ ಹುಡುಕಲು ದಿನ ಹಿಡಿಯಿತು. ಡೆಟ್ರಾಯ್ಟಿನವರು ಹಾಕುವುದು ವಿಸ್ಕಾನ್ಸಿನ್ ರಾಜ್ಯದ ಬ್ರಿಕ್ ಚೀಸ್. 1877ರ ಹೊತ್ತಿಗೆ ಜಾನ್ ಜೋಸಿ ಅನ್ನುವ ಸ್ವಿಸ್ ಮೂಲದ ಚೀಸ್ ಕೆಲಸಗಾರ ಅಲ್ಲಿ ಅದನ್ನು ಮಾಡಿದ್ದು. ಕೊಬ್ಬು ಜಾಸ್ತಿ, ಬೆಣ್ಣೆಯ ರುಚಿ. ಮಂಗಳೂರಿನಲ್ಲಿ ನನಗೆ ಎಲ್ಲೂ ಸಿಗಲಿಲ್ಲ. ಮೊದಲು ಸಾದಾ ಪ್ರೋಸೆಸ್ಡ್ ಚೀಸ್ ಸೇರಿಸಿ ನೋಡಿದೆ. ಅದರಲ್ಲಿ ಕೊಬ್ಬು ಬೇರೆಯಾಗದ ಹಾಗೆ ಲವಣ ಸೇರಿಸಿರುತ್ತಾರೆ. ಕೊಬ್ಬು ಬಿಡದಿದ್ದರೆ ಬದಿ ಹುರಿಯುವುದು ಯಾವುದರಲ್ಲಿ? ಬದಿ ಒಣಗಿ ಚರ್ಮದಂತಾಯಿತು. ಬರೀ ಮೊಝರೆಲ್ಲಾ ಹಾಕಿದಾಗ ಬಣ್ಣ ಬಂತು, ರುಚಿ ಸಪ್ಪೆ. ಕೊನೆಗೆ ನಿಂತದ್ದು 130 ಗ್ರಾಂ ಗಟ್ಟಿ ಮೊಝರೆಲ್ಲಾ, 65 ಗ್ರಾಂ ಚೆಡ್ಡರ್. ತುರಿದದ್ದಲ್ಲ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಚೂರು. ಅದರಲ್ಲಿ ಒಂದು ಹಿಡಿಯನ್ನು ಟ್ರೇಯ ಗೋಡೆಗೆ ತಾಗುವ ಹಾಗೆ ಸುತ್ತಲೂ ಜೋಡಿಸಬೇಕು. ಇಡೀ ಪಿಜ್ಜಾದಲ್ಲಿ ಮನಸ್ಸಿಟ್ಟು ಮಾಡಬೇಕಾದ ಕೆಲಸ ಇದೊಂದು.

ಸಾಸ್ ಮೇಲೆ, ಉದ್ದಕ್ಕೆ ಎರಡು ಪಟ್ಟೆ. ಕೆಳಗೆ ಹಾಕಿದರೆ ಹಿಟ್ಟು ಒದ್ದೆಯಾಗುತ್ತದೆ. ನಮ್ಮ ಟೊಮೆಟೊದಲ್ಲಿ ನೀರು ಜಾಸ್ತಿ, 40 ನಿಮಿಷ ಕುದಿಸಿ ಅರ್ಧಕ್ಕಿಳಿಸಿದೆ.

ಭಾನುವಾರ

ಹಂಚು 50 ನಿಮಿಷ ಕಾದಿತ್ತು. ಟ್ರೇಯನ್ನು ನೇರ ಅದರ ಮೇಲಿಟ್ಟೆ. ಎರಡು ನಿಮಿಷಕ್ಕೆ ಚರಚರ ಸದ್ದು ಶುರುವಾಯಿತು. ಹತ್ತನೇ ನಿಮಿಷಕ್ಕೆ ಬದಿಯಲ್ಲಿ ಎಣ್ಣೆಯ ಗುಳ್ಳೆಗಳು ಸಣ್ಣ ಸಣ್ಣದಾಗಿ ಏಳುತ್ತಿದ್ದವು. 15 ನಿಮಿಷಕ್ಕೆ ಹೊರಗೆ ತೆಗೆದೆ. ದೋಸೆಯ ಸಟ್ಟುಗವನ್ನು ಗೋಡೆಗೂ ಪಿಜ್ಜಾಕ್ಕೂ ನಡುವೆ ಇಳಿಸಿ ಒಂದು ಸುತ್ತು ತಂದೆ. ಮೂರು ಬದಿ ತಾನಾಗಿ ಬಿಟ್ಟಿತು. ನಾಲ್ಕನೆಯದು ಒಂದು ಕಡೆ ಹಿಡಿದುಕೊಂಡಿತ್ತು, ಮೆಲ್ಲ ಒತ್ತಿದಾಗ ಎದ್ದಿತು. ತಿರುವಿ ನೋಡಿದೆ. ತಳವೆಲ್ಲ ಕೆಂಪು, ಹಂಚಿನದೇ ಬಣ್ಣ.

ಅಡುಗೆಮನೆಯಲ್ಲೇ ನಿಂತು ಒಂದು ಮೂಲೆ ಮುರಿದು ಬಾಯಿಗೆ ಹಾಕಿದೆ. ಸದ್ದು ಸರಿಯಾಗಿತ್ತು. ಬ್ರಿಕ್ ಚೀಸಿನ ಆ ಸಣ್ಣ ಹುಳಿ ಇರಲಿಲ್ಲ. ಅದು ಬಿಟ್ಟರೆ ಕೋನಂಟ್ ರಸ್ತೆಯೇ. ಹೊರಗೆ ಹಿಮದ ಬದಲು ಮಳೆ. ಸ್ವಲ್ಪ ಹೊತ್ತು ಮಾತಾಡಲು ಆಗಲಿಲ್ಲ.

ಎರಡನೇ ತುಂಡು ಅಮ್ಮನಿಗೆ, ಮೂರನೆಯದು ಮೆಗ್ಗರ್ ತಂದ ಹುಡುಗನಿಗೆ. ಅಮ್ಮ ಮೊದಲು ಬದಿ ಮುರಿದು ತಿಂದು, "ತುಪ್ಪದ ಗಸಿಯ ಹಾಗೆ ಉಂಟಲ್ಲ" ಅಂದರು. ನಾನು ಅವರಿಗೆ ಅದನ್ನು ಹೇಳಿರಲಿಲ್ಲ.

ನಾಲ್ಕನೆಯ ತುಂಡನ್ನು ಬಾಳೆಲೆಯಲ್ಲಿ ಸುತ್ತಿ ಸೋಮವಾರ ಬೆಳಿಗ್ಗೆ ಬಂದರಿಗೆ ಒಯ್ದೆ. ಟ್ರೇಯನ್ನೂ ತೆಗೆದುಕೊಂಡು ಹೋಗಿದ್ದೆ. ಆಚಾರ್ರು ಕಟ್ಟು ಬಿಚ್ಚಲಿಲ್ಲ, ಪಕ್ಕಕ್ಕಿಟ್ಟರು. ಟ್ರೇಯನ್ನು ಬೋರಲು ಮಾಡಿ ನಾಲ್ಕು ಮೂಲೆಯ ಮೇಲೂ ಹೆಬ್ಬೆರಳು ಎಳೆದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಎಣ್ಣೆ ಸೋರ್ಲಿಲ್ಲ ಅಲ್ವಾ?"

"ಒಂದು ಹನಿ ಇಲ್ಲ ಆಚಾರ್ರೇ."

ಆಮೇಲೆ ಬಾಳೆಲೆ ಬಿಚ್ಚಿದರು. ಮೂಲೆ ಕಡೆಯಿಂದಲೇ ತಿನ್ನಲು ಶುರು ಮಾಡಿದರು. ಅರ್ಧ ತಿಂದು, ಉಳಿದದ್ದನ್ನು ಮೊಮ್ಮಗನಿಗೆ ಅಂತ ಮಡಚಿಟ್ಟುಕೊಂಡು, ಗೋಡೆಗೆ ಒರಗಿಸಿದ್ದ ಕಪ್ಪು ಶೀಟಿನ ಕಡೆ ಕೈ ತೋರಿಸಿದರು.

"ದೊಡ್ಡದು ಬೇಕಿದ್ರೆ ಹೇಳಿ. ತಗಡು ಉಂಟು."